ಜೀಪ್ ಕಂತು 6: ತೇಪೆ ಇದ್ರೆ ಹೆದರಬೇಡಿ, ಹೊಸ ಪ್ಲೇಟ್ ಇದ್ರೆ ಹೆದರಿ

"1944 ಮಾಡೆಲ್ ವಿಲ್ಲೀಸ್, ಪಕ್ಕಾ ಒರಿಜಿನಲ್, ಸಿಂಗಲ್ ಓನರ್."

ಇಂಥ ಪೋಸ್ಟ್ ಫಾರ್ವರ್ಡ್ ಮಾಡಿ "ತಗೋಬಹುದಾ ಮಾರಾಯ?" ಅಂತ ಕೇಳೋರು ಈಗೀಗ ಜಾಸ್ತಿ ಆಗಿದ್ದಾರೆ. ಮೊದಲು ಸ್ವಲ್ಪ ಲೆಕ್ಕ ಹಾಕಿ. 1944ರ ಜೀಪಿಗೆ ಒಬ್ಬನೇ ಓನರ್ ಅಂದ್ರೆ ಆ ಯಜಮಾನರಿಗೆ ಈಗ ನೂರು ದಾಟಿರಬೇಕು. ಅದೂ ಅಲ್ಲದೆ ಆ ವರ್ಷ ಜೀಪ್ ತಯಾರಾಗ್ತಿದ್ದದ್ದು ಸೈನ್ಯಕ್ಕೆ. ಅಂದ್ಮೇಲೆ ಮೊದಲ ಓನರ್ ಯಾವುದೋ ಒಂದು ಸರ್ಕಾರ. ಒಂದೇ ಸಾಲಲ್ಲಿ ಇಷ್ಟು ಎಡವಟ್ಟು ಇದ್ರೆ ಗಾಡಿಯಲ್ಲಿ ಎಷ್ಟಿರಬಹುದು?

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡ್ತೀನಿ. ಕೊಪ್ಪ, ಶೃಂಗೇರಿ, ಎನ್.ಆರ್. ಪುರದ ಕಡೆ ದುಡಿದ ಜೀಪ್ ಯಾವುದೂ ಫ್ಯಾಕ್ಟರಿಯಿಂದ ಬಂದ ಹಾಗೇ ಉಳಿದಿಲ್ಲ, ಉಳಿಯೋಕೆ ಸಾಧ್ಯವೂ ಇರ್ಲಿಲ್ಲ. ಹಾಗಾಗಿ "ಏನೂ ಬದಲಾಗಿಲ್ಲ" ಅನ್ನೋನನ್ನ ನಂಬಬೇಡಿ. ಏನೇನು ಬದಲಾಗಿದೆ, ಯಾವಾಗ, ಅದು ಕಾಗದದಲ್ಲಿ ಇದೆಯಾ ಅಂತ ಹೇಳಬಲ್ಲವನ ಹತ್ರ ವ್ಯಾಪಾರ ಮಾಡಿ.

ನಮ್ಮಲ್ಲಿ ಜೀಪ್ ಶೋಕಿಗೆ ಬಂದದ್ದಲ್ಲ. ಸಹಕಾರ ಸಾರಿಗೆ ಬಸ್ಸು ಓಡ್ತಿದ್ದ ಕಾಲದಲ್ಲಿ ಅದು ಟಾರ್ ರೋಡಲ್ಲಿ ಇಳಿಸಿ ಹೋದ್ರೆ ಅಲ್ಲಿಂದ ಒಳಗಿನ ಮನೆಗೆ ಗೊಬ್ಬರ, ಅಕ್ಕಿ, ಬಾಣಂತಿ, ಮದುವೆ ದಿಬ್ಬಣ ಎಲ್ಲಾ ಜೀಪಲ್ಲೇ ಹೋಗ್ತಿತ್ತು. ಅಡಿಕೆ ಮೂಟೆ ಹೊರಗೆ ಬರ್ತಿದ್ದದ್ದೂ ಅದರಲ್ಲೇ. ಕಿಗ್ಗದ ಕಡೆ, ನೆಮ್ಮಾರಿನ ಕಡೆ ಮಳೆಗಾಲ ಹೇಗಿರ್ತದೆ ಅಂತ ನಿಮಗೆ ನಾನು ಹೇಳಬೇಕಾ? ನಾಲ್ಕು ತಿಂಗಳು ಒದ್ದೆ ಕೊಟ್ಟಿಗೆಯಲ್ಲಿ ನಿಂತ ಗಾಡಿಯ ಫ್ಲೋರ್ ತುಕ್ಕು ಹಿಡೀತದೆ, ಗ್ಯಾರೇಜಿನವರು ತಗಡು ಕತ್ತರಿಸಿ ವೆಲ್ಡ್ ಮಾಡ್ತಾರೆ. ಪೆಟ್ರೋಲ್ ಕುಡಿಯೋದು ತಡೆಯೋಕಾಗದೆ ಡೀಸೆಲ್ ಎಂಜಿನ್ ಕೂರಿಸ್ತಾರೆ. ಇದು ಬದುಕಿನ ಲೆಕ್ಕ, ಮೋಸ ಅಲ್ಲ.

ಮೋಸ ಬೇರೆ ಕಡೆ ಇದೆ. ಅದಕ್ಕೆ ಬರೋ ಮೊದಲು ಒಂದು ಗೊಂದಲ ಬಗೆಹರಿಸೋಣ.

ನಮ್ಮೂರಲ್ಲಿ ಹಳೇ ಜೀಪಿಗೆಲ್ಲಾ "ವಿಲ್ಲೀಸ್" ಅಂತಾರೆ. ನಿಜವಾದ ಯುದ್ಧಕಾಲದ ಜೀಪ್ ಅಂದ್ರೆ ವಿಲ್ಲೀಸ್ ಎಂಬಿ, ಇಲ್ಲಾ ಅದೇ ವಿನ್ಯಾಸದಲ್ಲಿ ಫೋರ್ಡ್ ಕಂಪನಿ ಮಾಡಿದ ಜಿಪಿಡಬ್ಲ್ಯೂ. 1941ರಿಂದ 1945ರ ಒಳಗೆ ಎರಡೂ ಸೇರಿ ಆರು ಲಕ್ಷಕ್ಕೂ ಹೆಚ್ಚು ತಯಾರಾದವು. ಯುದ್ಧ ಮುಗಿದ ಮೇಲೆ ವಿಲ್ಲೀಸ್ ಕಂಪನಿ ಸಾಮಾನ್ಯ ಜನಕ್ಕೆ ಅಂತ ಸಿಜೆ ಸರಣಿ ತಂತು. ಮಹೀಂದ್ರಾದವರು 1940ರ ದಶಕದ ಕೊನೆಗೆ ಬಿಡಿಭಾಗ ತರಿಸಿ ಬೊಂಬಾಯಿಯಲ್ಲಿ ಜೀಪ್ ಜೋಡಿಸೋಕೆ ಶುರು ಮಾಡಿದ್ರು, ಆಮೇಲೆ ಇಲ್ಲೇ ತಯಾರಿಸಿದ್ರು. ನಮ್ಮ ತೋಟಗಳಲ್ಲಿ ಇರೋ ಹಳೇ ಜೀಪಲ್ಲಿ ಬಹುಪಾಲು ಮಹೀಂದ್ರಾದ್ದು: ಸಿಜೆ-3ಬಿ, ಅಂದ್ರೆ "ಹೈ ಬಾನೆಟ್", ಮತ್ತೆ ಅದರ ನಂತರದವು. ಅದೇನು ಕಡಿಮೆ ಗಾಡಿ ಅಲ್ಲ. ಆದ್ರೆ ಅದನ್ನ 1944ರದ್ದು ಅಂತ ಮಾರಿದ್ರೆ ರೇಟು ಎಲ್ಲಿಂದೆಲ್ಲಿಗೋ ಹೋಗ್ತದೆ. ಅಲ್ಲೇ ಇರೋದು ಆಟ.

ಈಗ ಫೋಟೋ ನೋಡಿ. ಎರಡನೇದು, ಮುಂದಿನ ಗ್ರಿಲ್. ಎದ್ದುಕಾಣೋ ಉದ್ದ ಸೀಳು ಎಣಿಸಿ. ತಗಡನ್ನ ಒತ್ತಿ ಮಾಡಿದ ಯುದ್ಧಕಾಲದ ಗ್ರಿಲ್ಲಲ್ಲಿ ಒಂಬತ್ತು ಇರ್ತವೆ, ಸಿಜೆಯಲ್ಲಿ ಏಳು. ಆದ್ರೆ ಗ್ರಿಲ್ ಒಂದು ಬೋಲ್ಟ್ ಬಿಚ್ಚಿ ಹಾಕೋ ಸಾಮಾನು, ಹೊಸದೇ ಸಿಗ್ತದೆ. ಹಾಗಾಗಿ ಏಳು ಇದ್ರೆ ಅನುಮಾನ ಪಡಿ, ಒಂಬತ್ತು ಇದ್ರೆ ಕುಣೀಬೇಡಿ.

ಮೂರನೇದು ಎಂಜಿನ್. ಯುದ್ಧಕಾಲದ "ಗೋ ಡೆವಿಲ್" ಎಂಜಿನ್ನಲ್ಲಿ ಎಲ್ಲಾ ವಾಲ್ವ್ ಬ್ಲಾಕ್ ಒಳಗೇ, ತಲೆ ಮಟ್ಟಸ, ಮೇಲೆ ಕಾಣೋದು ಸ್ಪಾರ್ಕ್ ಪ್ಲಗ್ ಮಾತ್ರ. ಸಿಜೆ-3ಬಿಯ "ಹರಿಕೇನ್" ಎಂಜಿನ್ನಲ್ಲಿ ಒಳಸೇದೋ ವಾಲ್ವ್ ಹೆಡ್ಡಿಗೆ ಬಂತು, ಹಾಗಾಗಿ ಮೇಲೆ ಒಂದು ಮುಚ್ಚಳ ಇರ್ತದೆ. ಎರಡೂ 2.2 ಲೀಟರೇ. ಆ ಎತ್ತರ ಹಿಡಿಸೋಕೇ ಬಾನೆಟ್ ಎತ್ತರಿಸಿದ್ದು. "ಹೈ ಬಾನೆಟ್" ಅನ್ನೋದು ಸ್ಟೈಲಿಗೆ ಬಂದದ್ದಲ್ಲ ಕಣ್ರೋ.

ನಾಲ್ಕನೇ ಫೋಟೋಗೆ ನೆಲದ ಮೇಲೆ ಮಲಗಬೇಕು. ರೇಡಿಯೇಟರ್ ಕೆಳಗೆ ಎರಡು ಚಾಸಿ ಪಟ್ಟಿಗಳನ್ನ ಸೇರಿಸೋ ಅಡ್ಡ ತುಂಡು ಇದ್ಯಲ್ಲ, ಅದು ವಿಲ್ಲೀಸ್ ಎಂಬಿಯಲ್ಲಿ ಗುಂಡು ಪೈಪು. ಫೋರ್ಡಿನದ್ದರಲ್ಲಿ ಬೋರಲು ಹಾಕಿದ ಚಾನೆಲ್. ಬಾಡಿ ಬದಲಿಸೋದು ಸುಲಭ, ಇದನ್ನ ಬದಲಿಸೋದು ಕಷ್ಟ. ಫೋರ್ಡ್ ಆಗಿದ್ರೆ ಇನ್ನೊಂದು ಮಜಾ ಇದೆ: ಬೋಲ್ಟ್ ತಲೆ ಮೇಲೆ, ಚಿಕ್ಕ ಚಿಕ್ಕ ಬ್ರಾಕೆಟ್ ಮೇಲೆ "ಎಫ್" ಅಕ್ಷರ ಒತ್ತಿರ್ತಾರೆ. ಗ್ರೀಸು ಕೆರೆದು ಹುಡುಕಬೇಕು. ಒಂದು ಸಂಜೆ ಪೂರ್ತಿ ಇದರಲ್ಲೇ ಕಳೀಬಹುದು, ಕೈ ತೊಳೆಯೋಕೆ ಇನ್ನೊಂದು ಗಂಟೆ.

ಐದನೇದು ನನಗೆ ಅತಿ ಇಷ್ಟ. ಯುದ್ಧಕಾಲದ ಎಂಬಿ, ಜಿಪಿಡಬ್ಲ್ಯೂ ಎಲ್ಲವೂ ಎಡಗಡೆ ಸ್ಟೀರಿಂಗ್. ನಮ್ಮಲ್ಲಿ ಓಡಿಸೋಕೆ ಬಲಕ್ಕೆ ತಂದವರು ಬೇಕಾದಷ್ಟು ಜನ. ಬಲಕ್ಕೆ ತಂದಾಗ ಎಡಗಡೆ ಪೆಡಲ್ ಮತ್ತೆ ಸ್ಟೀರಿಂಗ್ ಕಂಬ ಇದ್ದ ತೂತುಗಳನ್ನ ತಗಡು ಹಾಕಿ ಮುಚ್ಚಲೇಬೇಕು. ಮ್ಯಾಟ್ ಎತ್ತಿ ನೋಡಿ. ಅಲ್ಲಿ ಹಳೇ ತೇಪೆ ಇದ್ರೆ ಅದು ದೋಷ ಅಲ್ಲ, ಸಾಕ್ಷಿ. ಬಲಗಡೆ ಸ್ಟೀರಿಂಗ್ ಇದೆ, ಎಡಗಡೆ ತಗಡು ಮಾತ್ರ ಕನ್ನಡಿ ಹಾಗಿದೆ ಅಂದ್ರೆ ಆ ಬಾಡಿ ಇತ್ತೀಚೆಗೆ ಹುಟ್ಟಿದ್ದು. ಹೊಸ ಬಾಡಿಗಳು ಫಿಲಿಪ್ಪೀನ್ಸಲ್ಲೂ ತಯಾರಾಗ್ತವೆ, ನಮ್ಮ ದೇಶದಲ್ಲೂ ತಯಾರಾಗ್ತವೆ. ಹರಿಯಾಣದ ಮಂಡಿ ಡಬ್ವಾಲಿ ಅನ್ನೋ ಊರು ಜೀಪ್ ಕಟ್ಟೋದಕ್ಕೇ ಹೆಸರುವಾಸಿ. ಹೊಸದು ಅಂತ ಹೇಳಿ ಮಾರಿದ್ರೆ ಯಾರ ತಕರಾರೂ ಇಲ್ಲ.

ಇನ್ನು ನಂಬರ್ ವಿಷಯ. ಅಮೆರಿಕದ ಮಸಲ್ ಕಾರ್ ರೀಲ್ಸ್ ನೋಡಿ ನಮ್ಮ ಹುಡುಗರೂ "ಮ್ಯಾಚಿಂಗ್ ನಂಬರ್ ಇದ್ಯಾ?" ಅಂತ ಕೇಳೋಕೆ ಶುರು ಮಾಡಿದ್ದಾರೆ. ಅಲ್ಲಿ ಅದಕ್ಕೆ ಅರ್ಥ ಇದೆ. ಪಾಂಟಿಯಾಕ್ ಜಿಟಿಒಗೆ ಕಂಪನಿಯ ಹಳೇ ದಾಖಲೆ ತರಿಸಬಹುದು, 1967ರಿಂದೀಚಿನ ಮಸ್ಟ್ಯಾಂಗ್ ಯಾವ ಎಂಜಿನ್, ಯಾವ ಬಣ್ಣದಲ್ಲಿ ಹೊರಟಿತ್ತು ಅನ್ನೋದಕ್ಕೂ ದುಡ್ಡು ಕೊಟ್ರೆ ವರದಿ ಸಿಗ್ತದೆ. ಸಾಧಾರಣ ಕಾರಿಗೆ ಬ್ಯಾಡ್ಜ್ ಹೊಡೆದು ದುಬಾರಿ ಮಾಡೆಲ್ ಅಂತ ಮಾರೋನು ಆ ಕಾಗದದ ಮುಂದೆ ಸಿಕ್ಕಿಬೀಳ್ತಾನೆ.

ಜೀಪಿಗೆ ಈ ಅಳತೆಗೋಲು ಕೂರೋದಿಲ್ಲ. ವಿಲ್ಲೀಸ್ ಎಂಬಿಯಲ್ಲಿ ಚಾಸಿ ನಂಬರೂ ಎಂಜಿನ್ ನಂಬರೂ ಫ್ಯಾಕ್ಟರಿಯಲ್ಲೇ ಬೇರೆ ಬೇರೆ ಇರ್ತಿದ್ವು. ಫೋರ್ಡಿನದ್ದರಲ್ಲಿ ಒಂದೇ ಇರ್ತಿತ್ತು, ಆದ್ರೆ ಸೈನ್ಯದ ಡಿಪೋಗಳಲ್ಲಿ ಜೀಪುಗಳನ್ನ ಪೂರ್ತಿ ಬಿಚ್ಚಿ, ಕೈಗೆ ಸಿಕ್ಕ ಎಂಜಿನ್ ಕೈಗೆ ಸಿಕ್ಕ ಚಾಸಿಗೆ ಜೋಡಿಸಿ ಕಳಿಸ್ತಿದ್ರು. ಯುದ್ಧದಲ್ಲಿ ಯಾರು ನಂಬರ್ ನೋಡ್ತಾರೆ? ಇನ್ನೂ ಮುಖ್ಯವಾದದ್ದು: ಫೋರ್ಡ್ ನಂಬರನ್ನ ಚಾಸಿ ಮೇಲೇ ಪಂಚ್ ಮಾಡ್ತಿತ್ತು, ವಿಲ್ಲೀಸ್ ಮಾತ್ರ ಒಂದು ಚಿಕ್ಕ ಪ್ಲೇಟಲ್ಲಿ ಹೊಡೆದು ಎಡಗಡೆ ಚಾಸಿ ಪಟ್ಟಿಯ ಒಳಮೈಗೆ, ಬಂಪರ್ ಹಿಂದೆ, ರಿವಿಟ್ ಮಾಡ್ತಿತ್ತು. ರಿವಿಟ್ ಮಾಡಿದ ಪ್ಲೇಟನ್ನ ಬಿಚ್ಚಬಹುದು. ಬಿಚ್ಚಿದ್ದನ್ನ ಇನ್ನೊಂದು ಗಾಡಿಗೆ ಹೊಡೀಬಹುದು. ಡ್ಯಾಶ್‌ಬೋರ್ಡಿನ ಇಸವಿ ಪ್ಲೇಟಂತೂ ಹೊಸದೇ ಆನ್‌ಲೈನಲ್ಲಿ ಸಿಗ್ತದೆ, ಅದನ್ನ ನೋಡಿ ಇಸವಿ ಹೇಳೋದು ಟೀ ಶರ್ಟ್ ನೋಡಿ ಕಾಲೇಜು ಹೇಳಿದ ಹಾಗೆ.

ಹಾಗಾಗಿ ನಂಬರ್ ಓದೋ ಮೊದಲು ಅದರ ಸುತ್ತಮುತ್ತ ನೋಡಿ. ರಿವಿಟ್ ಹೊಸದಾಗಿ ಹೊಳೀತದಾ? ಪ್ಲೇಟಿನ ಅಡಿಯಲ್ಲಿ ಹೊಸ ಬಣ್ಣ ಇದ್ಯಾ? ಪಂಚ್ ಅಕ್ಷರಗಳು ಒಂದೇ ಆಳ ಇದ್ಯಾ, ಸುತ್ತ ಗ್ರೈಂಡರ್ ಆಡಿಸಿದ ಗೆರೆ ಇದ್ಯಾ? ನಂಬರ್ ತಿದ್ದಿದ ಗಾಡಿ ಕದ್ದದ್ದೂ ಆಗಿರಬಹುದು. ಅಂಥದ್ದು ನಿಮ್ಮ ಅಂಗಳಕ್ಕೆ ಬಂದ್ರೆ ಪೊಲೀಸ್ ಠಾಣೆ ಮೆಟ್ಟಿಲು ಹತ್ತೋರು ನೀವು, ಮಾರಿದವನ ಫೋನ್ ಸ್ವಿಚ್ ಆಫ್.

ಡೀಸೆಲ್ ಎಂಜಿನ್ ಕೂರಿಸಿದ ಜೀಪು "ಒರಿಜಿನಲ್ ಅಲ್ಲ" ಅಂತ ಮೂಗು ಮುರಿಯೋದು ನನಗೆ ಹಿಡಿಸೋದಿಲ್ಲ. ಆ ಎಂಜಿನ್ ಬಂದದ್ದರಿಂದಲೇ ಗಾಡಿ ಗುಜರಿಗೆ ಹೋಗದೆ ಉಳೀತು. ಕೇಳಬೇಕಾದ್ದು ಒಂದೇ: ಆರ್‌ಸಿಯಲ್ಲಿ ಏನಿದೆ? ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಗಾಡಿಯನ್ನ ಮನಸ್ಸಿಗೆ ಬಂದಂತೆ ಬದಲಿಸೋ ಹಾಗಿಲ್ಲ. 2019ರ ಜನವರಿಯಲ್ಲಿ ಕೇರಳದ ಒಂದು ಕೇಸಲ್ಲಿ ಸುಪ್ರೀಂ ಕೋರ್ಟ್ ಇದನ್ನ ಇನ್ನೂ ಬಿಗಿ ಮಾಡ್ತು. ಆರ್‌ಸಿಯಲ್ಲಿ ಪೆಟ್ರೋಲ್ ಅಂತಿದ್ದು ಬಾನೆಟ್ ಅಡಿಯಲ್ಲಿ ಡೀಸೆಲ್ ಕೂತಿದ್ರೆ ಆ ತಲೆನೋವು ಗಾಡಿ ಜೊತೆಗೇ ನಿಮ್ಮ ಮನೆಗೆ ಬರ್ತದೆ. ಆಕ್ಸಿಡೆಂಟ್ ಆದ ದಿನ ಇನ್ಶೂರೆನ್ಸಿನವರಿಗೆ ನೆಪ ಕೊಟ್ಟ ಹಾಗೂ ಆಗ್ತದೆ.

ಇಲ್ಲಿ ಸರ್ಕಾರದ ಮೇಲೂ ನನ್ನದೊಂದು ತಕರಾರಿದೆ. 2021ರ ಜುಲೈಯಲ್ಲಿ ಕೇಂದ್ರ ಸಾರಿಗೆ ಇಲಾಖೆ ವಿಂಟೇಜ್ ಗಾಡಿಗಳಿಗೆ ಅಂತ ನಿಯಮ ತಂತು. 50 ವರ್ಷ ದಾಟಿರಬೇಕು, ಮೂಲ ರೂಪದಲ್ಲಿರಬೇಕು, ದೊಡ್ಡ ಬದಲಾವಣೆ ಆಗಿರಬಾರದು. ಹೊಸ ನೋಂದಣಿಗೆ 20,000 ರೂಪಾಯಿ, ನಂಬರಲ್ಲಿ "ವಿಎ" ಅಕ್ಷರ, ದಿನಾ ಓಡಿಸೋ ಹಾಗಿಲ್ಲ. ಶೋರೂಮಿನ ಹಾಗಿರೋ ಗ್ಯಾರೇಜಲ್ಲಿ ಕಾರು ಜೋಡಿಸಿಟ್ಟವರಿಗೆ ಇದು ಸರಿ. ಜಯಪುರದ ಕಡೆ ಐವತ್ತು ವರ್ಷ ಗೊಬ್ಬರ ಹೊತ್ತ ಜೀಪಿಗೆ ಈ ಬಾಗಿಲು ಮುಚ್ಚಿದ ಹಾಗೇ. ಆಮೇಲೆ ಏನಾಗ್ತದೆ? ಇದ್ದ ಡೀಸೆಲ್ ಎಂಜಿನ್ ಕಿತ್ತು, ಹೊಸ ಬಾಡಿ ತರಿಸಿ, ಹಸಿರು ಬಣ್ಣ ಬಳಿದು, ಬಾನೆಟ್ ಮೇಲೆ ಬಿಳಿ ನಕ್ಷತ್ರ ಬರೆದು "ಮೂಲ ರೂಪ" ಮಾಡ್ತಾರೆ. ಅದಕ್ಕೆ ಬೇಕಾದ ಸಣ್ಣಪುಟ್ಟ ಸಾಮಾನಿಗೆ ಇನ್ನೆರಡು ಒಳ್ಳೇ ಜೀಪು ಬಿಚ್ಚಿ ಹಾಕ್ತಾರೆ. ಒಂದು ಸುಳ್ಳು ಜೀಪು ಹುಟ್ಟೋಕೆ ಮೂರು ನಿಜವಾದ ಜೀಪು ಸಾಯ್ತವೆ. ನನಗೆ ಸಂಕಟ ಆಗೋದು ಇದಕ್ಕೆ. ಬದಲಾವಣೆಗಳು ದಾಖಲಾಗಿರೋ, ದುಡಿದ ಗಾಡಿಗಳಿಗೂ ಒಂದು ಜಾಗ ನಿಯಮದಲ್ಲಿ ಬೇಕಿತ್ತು.

ಕೊನೇ ಫೋಟೋ ಹಳೇ ಆರ್‌ಸಿ ಪುಸ್ತಕದ್ದು, ಹೆಸರುಗಳನ್ನ ಮುಚ್ಚಿದ್ದೀನಿ. ಸ್ಮಾರ್ಟ್ ಕಾರ್ಡ್ ಬಂದ ಮೇಲೆ ಇದನ್ನ ಒಲೆಗೆ ಹಾಕಿದ ಮನೆಗಳಿವೆ. ಅಯ್ಯೋ ದೇವರೇ. ಯಾರಿಂದ ಯಾರಿಗೆ ಹೋಯ್ತು, ಎಂಜಿನ್ ಯಾವಾಗ ಬದಲಾಯ್ತು, ಸೀಲು ಸಮೇತ ಇರೋದು ಇದರಲ್ಲೇ. ಇದು ಕಳೆದಿದ್ರೆ ಆರ್‌ಟಿಒದಿಂದ ಬಿ ಎಕ್ಸ್‌ಟ್ರ್ಯಾಕ್ಟ್ ತೆಗೆಸಿ. ನೋಂದಣಿ ತಾರೀಕು ಮತ್ತೆ ತಯಾರಾದ ವರ್ಷ ಎರಡನ್ನೂ ಬೇರೆ ಬೇರೆ ನೋಡಿ. ಸೈನ್ಯದ ಹರಾಜಲ್ಲಿ ಬಂದ ಗಾಡಿ ಎಷ್ಟೋ ವರ್ಷ ಆದ ಮೇಲೆ ನೋಂದಣಿ ಆಗಿರ್ತದೆ. ಕೆಎ-18 ಅನ್ನೋ ನಂಬರ್ ಶುರುವಾದದ್ದೇ 1989ರ ಹೊಸ ಪದ್ಧತಿ ಬಂದ ಮೇಲೆ, ಹಾಗಾಗಿ ಅಷ್ಟು ಹಳೇ ಜೀಪಿಗೆ ಆ ನಂಬರ್ ಇದ್ರೆ ಅದಕ್ಕೆ ಮೊದಲು ಎಲ್ಲಿತ್ತು ಅಂತ ಕೇಳಿ. ಉತ್ತರ ಇರ್ತದೆ. ಉತ್ತರ ಕೊಡೋಕೆ ಮಾರೋನು ತಡವರಿಸಿದ್ರೆ ಟೀ ಕುಡಿದು ಎದ್ದು ಬನ್ನಿ.

ಎನ್.ಆರ್. ಪುರದ ಜೀಪ್ ಬಗ್ಗೆ ಮೆಸೇಜ್ ಹಾಕಿದವನೇ, ನೀನು ಕಳಿಸಿದ ಹನ್ನೊಂದು ಫೋಟೋದಲ್ಲಿ ಒಂಬತ್ತು ನಕ್ಷತ್ರದ್ದೇ ಇದೆ. ನಾಡಿದ್ದು ಹೋಗೋವಾಗ ಒಂದು ಟಾರ್ಚು, ವೈರ್ ಬ್ರಶ್ಶು, ಪುಟ್ಟಿ ಎಲ್ಲಿ ಬಳಿದಿದ್ದಾರೆ ಅಂತ ನೋಡೋಕೆ ಒಂದು ಅಯಸ್ಕಾಂತ ತಗೊಂಡು ಹೋಗು. ಅಡ್ಡ ಪೈಪಿನ ಫೋಟೋ, ಎಡಗಡೆ ಫ್ಲೋರಿನ ಫೋಟೋ, ಪ್ಲೇಟಿನ ರಿವಿಟ್ ಫೋಟೋ ಕಳಿಸು. ಅಡ್ವಾನ್ಸ್ ಆಮೇಲೆ.

#ಜೀಪ್‌ಕಂತು #ಮಲೆನಾಡಜೀಪು #ಕೊಪ್ಪ #ಶೃಂಗೇರಿ #ಎನ್ಆರ್‌ಪುರ