ಕುರಿ ಕೂಡ್ರಿಸುವ ಹೊಲ ಎಲ್ಲಿ ಹೋಯಿತು?

ನಮ್ಮ ಜತ್ತ ತಾಲೂಕಿನ ಕಡೆ ಅಂಗಡಿಯಿಂದ ಚೀಲದಲ್ಲಿ ಬರುವುದಕ್ಕೆ 'ಸರಕಾರಿ ಗೊಬ್ಬರ' ಅನ್ನುತ್ತೇವೆ. ತಿಪ್ಪೆಯಿಂದ, ಹಟ್ಟಿಯಿಂದ ಬರುವುದು ಬರೇ 'ಗೊಬ್ಬರ'. ಅದರಲ್ಲಿ ಕುರಿ ಗೊಬ್ಬರಕ್ಕೆ ಮೊದಲ ಮಣೆ. ಅದನ್ನು ಹೇರಿಕೊಂಡು ಬರುವ ಕೆಲಸವೂ ಇರಲಿಲ್ಲ. ಜೋಳ ಕಿತ್ತು ಖಾಲಿಯಾದ ಹೊಲದಲ್ಲಿ ಬಲೆ ಸುತ್ತಿ ಎರಡು ಮೂರು ರಾತ್ರಿ ಕುರಿ ಕೂಡ್ರಿಸಿದರೆ ಸಾಕು, ಆಮೇಲೆ ಬಲೆ ಮುಂದಿನ ತುಂಡಿಗೆ. ಮರಾಠಿಯಲ್ಲೂ ಇದಕ್ಕೆ 'ಮೇಂಢರಂ ಬಸವಣೆ' ಎಂದೇ ಹೆಸರು. ಭಾಷೆ ಎರಡಾದರೂ ಮಾತು ಒಂದೇ. ಕುರುಬರಿಗೆ ಕೂಲಿಯಾಗಿ ಜೋಳ, ರೈತನಿಗೆ ಮುಂದಿನ ಬೆಳೆ.

ಈ ಪದ್ಧತಿ ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿದೆ. ಕೇಳಿದರೆ ಹೆಚ್ಚಿನವರು "ಕುರಿಗಳೇ ಇಲ್ಲವಲ್ಲ" ಎನ್ನುತ್ತಾರೆ. ಇದು ನಿಜವಲ್ಲ ಎನ್ನುವುದೇ ನಮ್ಮ ಮೊದಲ ಮಾತು. 2019ರ ಜಾನುವಾರು ಗಣತಿಯಲ್ಲಿ ದೇಶದ ಕುರಿಗಳ ಸಂಖ್ಯೆ ಸುಮಾರು 7.4 ಕೋಟಿ. 2012ರಲ್ಲಿ ಅದು 6.5 ಕೋಟಿ ಇತ್ತು. ಈ ಹೆಚ್ಚಳದ ದೊಡ್ಡ ಪಾಲು, ಸರಕಾರವೇ ಕುರಿ ಹಂಚಿದ ತೆಲಂಗಾಣದ್ದು ಎನ್ನುವುದೂ ಖರೆ. ಆದರೂ ಕುರಿ ಕಡಿಮೆಯಾಗಿದ್ದಕ್ಕೆ ಗೊಬ್ಬರ ಹೋಯಿತು ಎನ್ನಲು ಬರುವುದಿಲ್ಲ. ಹೋದದ್ದು ಕುರಿ ಕೂಡುವ ಜಾಗ.

ನಮ್ಮದು ಹಿಂಗಾರಿ ಸೀಮೆ. ಮಾಘ, ಫಾಲ್ಗುಣದಲ್ಲಿ ಜೋಳ ಬಂದ ಮೇಲೆ ಎರಿಹೊಲಗಳು ಮತ್ತೆ ಬಿತ್ತುವವರೆಗೆ ತಿಂಗಳುಗಟ್ಟಲೆ ಖಾಲಿ ಇರುತ್ತಿದ್ದವು. ಮ್ಹೈಸಾಳ ಯೋಜನೆಯ ನೀರು ತಾಲೂಕಿನ ಕೆಲ ಭಾಗಕ್ಕೆ ಬಂತು, ಉಳಿದ ಕಡೆ ಬೋರ್‌ವೆಲ್ ಬಂದವು. ದ್ರಾಕ್ಷಿ, ದಾಳಿಂಬೆ, ಕಬ್ಬು ನಿಂತವು. ನೀರು ಬೇಡವೆನ್ನುವ ಮೂರ್ಖರು ನಾವಲ್ಲ, ಅದಕ್ಕಾಗಿ ಎಷ್ಟು ವರ್ಷ ಕೂಗಿದ್ದೇವೆ! ಆದರೆ ತೋಟಕ್ಕೆ ತಂತಿ ಬೇಲಿ ಬಂದಾಗ ಹಿಂಡಿನ ದಾರಿಯೂ ಮುಚ್ಚಿತು.

ಇನ್ನೊಂದು ಬದಲಾವಣೆ ಮಾಡಗ್ಯಾಳ ಕುರಿಯಿಂದ ಬಂತು. ನಮ್ಮ ತಾಲೂಕಿನದೇ ಊರಿನ ಹೆಸರು ಹೊತ್ತ, ಗಿಳಿಮೂಗಿನ ಎತ್ತರದ ಈ ತಳಿ ಬೇಗ ಬೆಳೆಯುತ್ತದೆ, ಒಳ್ಳೆಯ ಬೆಲೆ ತರುತ್ತದೆ. ಹೀಗಾಗಿ ಅನೇಕರು ಅದನ್ನು ಮನೆ ಮುಂದೆಯೇ ಕಟ್ಟಿ ಮೇಯಿಸುತ್ತಾರೆ. ಅದರ ಹಿಕ್ಕೆ ಬಿಸಿಲಿಗೆ ಒಣಗಿ, ಟ್ರಾಲಿ ತುಂಬಿ ತೋಟಗಳಿಗೆ ಹೋಗುತ್ತದೆ. ಮೊದಲು ಜೋಳ ಕೊಟ್ಟು ಗೊಬ್ಬರ ಪಡೆಯುತ್ತಿದ್ದ ಒಣಬೇಸಾಯದ ಬಡ ರೈತ ಈಗ ರೊಕ್ಕ ಎಣಿಸಬೇಕು. ಅವನು ಎಣಿಸಲಾರ.

ಲೆಕ್ಕವನ್ನೂ ನೋಡೋಣ. ಕೃಷಿ ಪುಸ್ತಕಗಳ ಪ್ರಕಾರ ಕುರಿ, ಆಡಿನ ಗೊಬ್ಬರದಲ್ಲಿ ಶೇ. 3ರಷ್ಟು ಸಾರಜನಕ, 1ರಷ್ಟು ರಂಜಕ, 2ರಷ್ಟು ಪೊಟ್ಯಾಷ್. ತಿಪ್ಪೆಗೊಬ್ಬರದಲ್ಲಿ ಸಾರಜನಕ ಅರ್ಧ ಪರ್ಸೆಂಟ್ ಮಾತ್ರ. ಅಂದರೆ ಒಂದು ಟನ್ ಒಣ ಕುರಿ ಗೊಬ್ಬರದಲ್ಲಿ 30 ಕಿಲೋ ಸಾರಜನಕ. ಯೂರಿಯಾದ 45 ಕಿಲೋ ಚೀಲದಲ್ಲಿ ಸುಮಾರು 21 ಕಿಲೋ. ಆ ಚೀಲಕ್ಕೆ ತೆರಿಗೆ ಬಿಟ್ಟು 242 ರೂಪಾಯಿ. ಬರೇ ಸಾರಜನಕ ತೂಗಿದರೆ ಕುರಿ ಸೋಲುತ್ತದೆ, ಮುಚ್ಚಿಡುವುದೇಕೆ? ಆದರೆ ಮಣ್ಣಿಗೆ ಇಂಗಾಲ ಕೊಡುವುದು, ಮಳೆ ಕೈಕೊಟ್ಟಾಗ ಹಸಿ ಹಿಡಿದಿಡುವುದು ಯೂರಿಯಾದ ಕೈಲಿ ಆಗದು. ಬರಗಾಲದ ತಾಲೂಕಿಗೆ ಇದಕ್ಕಿಂತ ದೊಡ್ಡ ಲಾಭ ಯಾವುದು? ಹೊಲದಲ್ಲೇ ಕೂಡ್ರಿಸಿದರೆ ಮೂತ್ರವೂ ಮಣ್ಣಿಗೇ ಇಳಿಯುತ್ತದೆ. ಒಣಗಿಸಿ ಮಾರುವ ಹಿಕ್ಕೆಯಲ್ಲಿ ಆ ಪಾಲು ಇಲ್ಲ.

ರಾಜಸ್ಥಾನದಲ್ಲಿ ರೈಕಾ ಜನರ ಒಂಟೆಗಳದ್ದೂ ಇದೇ ಕಥೆ. ಅಲ್ಲಿಯೂ ಬೀಳು ಹೊಲದಲ್ಲಿ ಒಂಟೆ ಹಿಂಡು ತಂಗಿದರೆ ರೈತರು ಕಾಳು ಕೊಡುತ್ತಿದ್ದರು. ಕೊಳವೆಬಾವಿ ಬಂದು ಬೀಳು ಕಡಿಮೆಯಾಯಿತು, ಟ್ರಾಕ್ಟರ್ ಬಂದು ಒಂಟೆಯ ಕೆಲಸ ಹೋಯಿತು. 2014ರಲ್ಲಿ ಒಂಟೆಯನ್ನು ರಾಜ್ಯಪ್ರಾಣಿ ಮಾಡಿದರು. 2015ರಲ್ಲಿ ಅದನ್ನು ಕೊಲ್ಲಬಾರದು, ಹೊರರಾಜ್ಯಕ್ಕೆ ಸುಮ್ಮನೆ ಒಯ್ಯಬಾರದು ಎಂದು ಕಾಯ್ದೆ ಮಾಡಿದರು. ಮಾರಾಟ ಕುಸಿಯಿತು. ದೇಶದಲ್ಲಿ 2012ಕ್ಕೆ 4 ಲಕ್ಷ ಇದ್ದ ಒಂಟೆ 2019ಕ್ಕೆ ಎರಡೂವರೆ ಲಕ್ಷಕ್ಕೆ ಇಳಿಯಿತು. ಹಿಂಡಿಗೆ ದಾರಿ, ಮೇವು, ಮಾರುಕಟ್ಟೆ ಇಲ್ಲದಿದ್ದರೆ ಗೌರವದ ಬಿರುದಿನಿಂದ ಏನೂ ಉಳಿಯುವುದಿಲ್ಲ. ನಮಗೆ ಇದು ಪಾಠ.

ನಮ್ಮ ರಾಜ್ಯದಲ್ಲಿ 2017ರಿಂದ ಮಹಾಮೇಷ ಯೋಜನೆಯಿದೆ. 20 ಕುರಿ, ಒಂದು ಟಗರಿಗೆ ಶೇ. 75ರಷ್ಟು ಸಹಾಯಧನ. ಒಳ್ಳೆಯದೇ. 2023ರಿಂದ ಕೇಂದ್ರವು ಗೋಬರ್‌ಧನ್ ಸ್ಥಾವರಗಳ ಸಾವಯವ ಗೊಬ್ಬರಕ್ಕೆ ಟನ್ನಿಗೆ 1500 ರೂಪಾಯಿ ನೆರವು ಸಾರಿದೆ. ಅದೂ ಒಳ್ಳೆಯದೇ. ಆದರೆ ಯಾವ ಯಂತ್ರವೂ ಇಲ್ಲದೆ ಹೊಲಕ್ಕೇ ಬಂದು ಗೊಬ್ಬರ ಹಾಕಿ ಹೋಗುವ ಹಿಂಡಿಗೆ ಈ ಲೆಕ್ಕದಲ್ಲಿ ಜಾಗವಿಲ್ಲ. ಇದು ಅನ್ಯಾಯ ಎಂದು ನಾವು ಹೇಳುತ್ತೇವೆ.

ಶಾಲೆಯವರಾಗಿ ಇನ್ನೊಂದು ಮಾತನ್ನೂ ಹೇಳಲೇಬೇಕು. ದೀಪಾವಳಿಗೆ ಹುಲಜಂತಿಯ ಮಾಳಿಂಗರಾಯನ ಜಾತ್ರೆ ಮುಗಿದರೆ ಹಿಂಡುಗಳು ಹೊರಡುತ್ತವೆ, ಅವುಗಳ ಹಿಂದೆ ಮಕ್ಕಳೂ ಹೊರಡುತ್ತಾರೆ. ಮಳೆಗಾಲದವರೆಗೆ ಹಾಜರಿ ಪುಸ್ತಕದಲ್ಲಿ ಆ ಹೆಸರುಗಳ ಮುಂದೆ ಬರೇ ಗೈರುಹಾಜರಿ. ಈಗ ಕೆಲವು ಮನೆಗಳು ಊರಲ್ಲೇ ನಿಂತು ಮಕ್ಕಳು ಬೆಂಚಿನ ಮೇಲೆ ಕೂತಿದ್ದಾರೆ. ಹೊಲಕ್ಕೆ ನಷ್ಟವಾದದ್ದು ಮಗುವಿಗೆ ಲಾಭವಾಗಿದೆ. ಹಳೆಯದೆಲ್ಲ ಹಾಗೇ ಮರಳಲಿ ಎಂದು ನಾವು ಕೇಳುವುದಿಲ್ಲ. ಹಿಂಡು ತಿರುಗಲಿ, ಮಗು ಕಲಿಯಲಿ. ವಲಸೆ ಹೋಗುವವರ ಮಕ್ಕಳಿಗೆ ಹಂಗಾಮಿ ವಸತಿಗೃಹದ ಯೋಜನೆ ಇದ್ದೇ ಇದೆ. ಅದು ಕಬ್ಬು ಕಡಿಯುವವರ ಮಕ್ಕಳಷ್ಟೇ ಕುರುಬರ ಮಕ್ಕಳಿಗೂ ಕನ್ನಡ ಮಾಧ್ಯಮದಲ್ಲಿ ಸಿಗುವಂತೆ ಪಾಲಕರೂ ಶಾಲಾ ಸಮಿತಿಗಳೂ ಕೇಳಬೇಕು.

ಉಳಿದದ್ದು ಗ್ರಾಮಸಭೆಯ ಕೈಯಲ್ಲಿದೆ. ಯಾರ ಹೊಲ ಯಾವ ತಿಂಗಳು ಖಾಲಿ, ಯಾರಿಗೆ ಕುರಿ ಬೇಕು ಎಂದು ಸುಗ್ಗಿಗೆ ಮೊದಲು ಪಟ್ಟಿ ಮಾಡಬಹುದು. ಹಿಂಡಿನ ಹಳೆಯ ದಾರಿಗಳನ್ನು ಗುರುತಿಸಿ ಬೇಲಿಯಿಂದ ಉಳಿಸಬಹುದು. ರಾತ್ರಿಯ ಕೂಲಿಯನ್ನು ಊರೇ ಕೂತು ನಿಗದಿ ಮಾಡಬಹುದು. ಕಟ್ಟಿ ಮೇಯಿಸುವವರು ಹಿಕ್ಕೆ ಒಣಗಿಸುವ ಬದಲು ಮೂತ್ರ ನೆನೆದ ಕಸ, ಕಣಿಕೆಯ ಜೊತೆ ಗುಂಡಿಗೆ ಹಾಕಲಿ. ಕೂಡ್ರಿಸಿದ ಹೊಲವನ್ನು ತಡ ಮಾಡದೆ ಹರಗಲಿ, ಇಲ್ಲವಾದರೆ ಸಾರಜನಕ ಗಾಳಿಗೆ ಹೋಗುತ್ತದೆ. ಇದಾವುದಕ್ಕೂ ಮುಂಬಯಿಯ ಆದೇಶ ಬೇಕಿಲ್ಲ, ಬೆಂಗಳೂರಿನ ಹೇಳಿಕೆಯೂ ಬೇಕಿಲ್ಲ.

ಅಕ್ಕಲಕೋಟೆ, ಮಂಗಳವೇಢೆ, ದಕ್ಷಿಣ ಸೋಲಾಪುರದ ಬಾಂಧವರೇ, ನಿಮ್ಮ ಊರಲ್ಲಿ ಈಗಲೂ ಕುರಿ ಕೂಡ್ರಿಸುತ್ತಾರೆಯೇ? ಒಂದು ರಾತ್ರಿಗೆ ಏನು ಕೊಡುತ್ತಾರೆ? ಮಕ್ಕಳಿಂದ ಹಿರಿಯರನ್ನು ಕೇಳಿಸಿ, ಬರೆದು ತಿಳಿಸಿ.