ಕಿವಿಮಾತು: ಹಠಮಾರಿ ನಟ್ಟು

ಮಕ್ಕಳೇ, ಊರಿಗೆ ಹೋಗುವಾಗ ಖಂಬಾಟಕಿ ಘಾಟಿಯ ಬಳಿ ಟಯರು ಪಂಕ್ಚರಾಗಿ, ತುಕ್ಕು ಹಿಡಿದ ನಟ್ಟು ಜಪ್ಪಯ್ಯ ಎಂದರೂ ಕದಲದಿದ್ದರೆ ಏನು ಮಾಡುವಿರಿ?

ಕಾರನ್ನು ವಾಹನಗಳಿಂದ ದೂರ, ಸಮತಟ್ಟು ನೆಲದಲ್ಲಿ ನಿಲ್ಲಿಸಿ ಹ್ಯಾಂಡ್‌ಬ್ರೇಕ್ ಎಳೆಯಿರಿ. ಜಾಕ್ ಏರಿಸುವ ಮೊದಲೇ ನಟ್ಟು ಸಡಿಲಿಸಬೇಕು. ಎತ್ತಿದ ಮೇಲೆ ಜಗ್ಗಿದರೆ ಕಾರು ಜಾರಿ ಮೈಮೇಲೆ ಬಂದೀತು. ಸ್ಪ್ಯಾನರನ್ನು ನಟ್ಟಿನ ಎಡಕ್ಕೆ ಅಡ್ಡಲಾಗಿ ಕೂರಿಸಿ, ಹಿಡಿಯ ತುದಿಯನ್ನು ಮೈಭಾರ ಹಾಕಿ ಕೆಳಕ್ಕೊತ್ತಿ. ಆಗಲೂ ಬಗ್ಗದಿದ್ದರೆ ಹಿಡಿಗೆ ಗಟ್ಟಿ ಕಬ್ಬಿಣದ ಕೊಳವೆ ತೂರಿಸಿ. ಉದ್ದ ಇಮ್ಮಡಿಯಾದರೆ ತಿರುಗಿಸುವ ಬಲವೂ ಇಮ್ಮಡಿ. ನಮ್ಮ ಹಿರಿಯರ ಏತದ ಲೆಕ್ಕವೇ ಇದು.

ಹೆಣ್ಣುಮಕ್ಕಳೇ, ತೋಳ್ಬಲಕ್ಕಿಂತ ಉಪಾಯ ದೊಡ್ಡದು. ಈ ಭಾನುವಾರವೇ ಮನೆಯಂಗಳದಲ್ಲಿ ಒಮ್ಮೆ ಸಡಿಲಿಸಿ, ಮತ್ತೆ ಬಿಗಿಯಾಗಿ ತಿರುಗಿಸಿ ನೋಡಿ. ಕಗ್ಗತ್ತಲ ಘಾಟಿ ಪಾಠಶಾಲೆಯಲ್ಲ.