ಹಿತ್ತಿಲ ಟೊಮೆಟೊ ಮತ್ತು ಬೀಜದ ಹಕ್ಕು

2023ರ ಜುಲೈ ತಿಂಗಳ ಮೊದಲ ವಾರದಲ್ಲಿ ಬೇಲೂರು ತಾಲ್ಲೂಕಿನ ಗೋಣಿ ಸೋಮನಹಳ್ಳಿಯ ಹೊಲವೊಂದರಿಂದ ರಾತ್ರೋರಾತ್ರಿ ಟೊಮೆಟೊ ಕಳುವಾಯಿತು. ಐವತ್ತರಿಂದ ಅರವತ್ತು ಚೀಲ, ಸುಮಾರು ಎರಡೂವರೆ ಲಕ್ಷ ರೂಪಾಯಿ ಮೌಲ್ಯದ ಫಸಲು ಹೋಯಿತೆಂದು ಹಳೇಬೀಡು ಪೊಲೀಸರಿಗೆ ದೂರು ಸಲ್ಲಿಕೆಯಾಯಿತು. ಶಿಲ್ಪಗಳಿಗೆ ಕಾವಲಿರುವ ಊರಿನಲ್ಲಿ ತರಕಾರಿಗೂ ಕಾವಲು ಬೇಕಾದ ಕಾಲವದು. ಕಿಲೋ ಬೆಲೆ ನೂರು ರೂಪಾಯಿ ದಾಟಿತ್ತು. ಕೇಂದ್ರ ಸರ್ಕಾರ ಸಹಾಯಧನ ನೀಡಿ ಮಾರಾಟಕ್ಕಿಳಿಯಿತು. ಆಗಸ್ಟ್‌ನಲ್ಲಿ ನೇಪಾಳದಿಂದಲೂ ಹಣ್ಣು ತರಿಸಬೇಕಾಯಿತು. ಇದೇ ಹಣ್ಣನ್ನು ಬೆಲೆ ಕುಸಿದ ವರ್ಷಗಳಲ್ಲಿ ಕೋಲಾರದ ರೈತರು ರಸ್ತೆಗೆ ಸುರಿದುದನ್ನೂ ನಾವು ಕಂಡಿದ್ದೇವೆ.

ಈ ಏರಿಳಿತ ಅರ್ಥಶಾಸ್ತ್ರಕ್ಕೆ ಹೊಸದಲ್ಲ. ಇಂದಿನ ಬೆಲೆ ನೋಡಿ ರೈತ ನಾಟಿ ಮಾಡುತ್ತಾನೆ; ಹಣ್ಣು ಕೈಗೆ ಬರುವುದು ಎರಡು-ಮೂರು ತಿಂಗಳ ನಂತರ. ಅಷ್ಟರಲ್ಲಿ ಎಲ್ಲರೂ ಹಾಗೆಯೇ ಯೋಚಿಸಿರುತ್ತಾರೆ, ಬೆಲೆ ಬೀಳುತ್ತದೆ. ಬಿದ್ದ ಬೆಲೆ ಕಂಡು ಎಲ್ಲರೂ ಕೈಬಿಡುತ್ತಾರೆ, ಮತ್ತೆ ಏರುತ್ತದೆ. ಇದಕ್ಕೆ ಜೇಡರಬಲೆ ಸಿದ್ಧಾಂತವೆಂದೇ ಹೆಸರು. ಬೆಲೆ ಏರಿದಾಗಲೆಲ್ಲ ನಗರವಾಸಿಗಳಿಗೆ ‘ಮನೆಯಲ್ಲೇ ಬೆಳೆದುಕೊಳ್ಳಿ’ ಎಂಬ ಉಪದೇಶ ದೊರೆಯುತ್ತದೆ. ಆದರೆ ತಾರಸಿಯ ಹತ್ತು ಗಿಡಗಳಿಂದ ಮಾರುಕಟ್ಟೆ ಅಲುಗಾಡುವುದಿಲ್ಲ. ಕುಂಡ, ಮಣ್ಣು, ಗೊಬ್ಬರದ ಖರ್ಚು ಲೆಕ್ಕ ಹಾಕಿದರೆ ಮೊದಲ ವರ್ಷ ಉಳಿತಾಯವೂ ಅಷ್ಟಕ್ಕಷ್ಟೆ.

ಹಾಗಾದರೆ ಮನೆಯಲ್ಲಿ ಬೆಳೆಯುವುದರ ಸಾರ್ಥಕ್ಯ ಎಲ್ಲಿದೆ? ಹಣ್ಣಿಗಿಂತ ಹೆಚ್ಚಾಗಿ ಬೀಜದಲ್ಲಿದೆ ಎಂಬುದು ನನ್ನ ವಾದ.

1973ರಲ್ಲಿ ಬೆಂಗಳೂರಿನ ಇಂಡೋ-ಅಮೆರಿಕನ್ ಹೈಬ್ರಿಡ್ ಸೀಡ್ಸ್ ಸಂಸ್ಥೆ ‘ಕರ್ನಾಟಕ’ ಎಂಬ ಹೈಬ್ರಿಡ್ ಟೊಮೆಟೊವನ್ನು ಮಾರುಕಟ್ಟೆಗೆ ತಂದಿತು. ಅಲ್ಲಿಂದ ಮುಂದಿನದು ಹೈಬ್ರಿಡ್ ಯುಗ. ಅದರಿಂದ ಇಳುವರಿ ಹೆಚ್ಚಿತು, ದೂರದ ಸಾಗಣೆ ತಾಳುವ ಗಟ್ಟಿ ಹಣ್ಣು ಬಂತು. ಇದನ್ನು ಅಲ್ಲಗಳೆಯುವುದು ಕೃತಘ್ನತೆಯಾದೀತು. ಆದರೆ ಅದರೊಂದಿಗೆ ಬೀಜವನ್ನು ಪ್ರತಿ ಬೆಳೆಗೂ ಕೊಳ್ಳುವ ಪದ್ಧತಿಯೂ ಬಂತು. ಈಗಂತೂ ಬಹುಪಾಲು ಬೆಳೆಗಾರರು ಬೀಜವನ್ನೂ ಬಿತ್ತುವುದಿಲ್ಲ. ನರ್ಸರಿಯ ಟ್ರೇಗಳಿಂದ ಸಸಿಯನ್ನೇ ತರುತ್ತಾರೆ. ಗಿಡದಲ್ಲೇ ಹಣ್ಣಾದ ಒಂದೆರಡನ್ನು ಬೀಜಕ್ಕೆಂದು ಬಿಡುತ್ತಿದ್ದ ಜ್ಞಾನ ಒಂದೇ ತಲೆಮಾರಿನಲ್ಲಿ ಮಾಸಿಹೋಗಿದೆ.

ಹೈಬ್ರಿಡ್ ಹಣ್ಣಿನ ಬೀಜ ಮೊಳೆಯುವುದೇ ಇಲ್ಲವೆಂಬ ನಂಬಿಕೆ ವ್ಯಾಪಕವಾಗಿದೆ. ಅದು ತಪ್ಪು. ಮೊಳೆಯುತ್ತದೆ, ಆದರೆ ಮರಿಗಿಡಗಳು ತಾಯಿಯನ್ನು ಹೋಲದೆ ಒಂದೊಂದು ಒಂದೊಂದು ಬಗೆಯಾಗುತ್ತವೆ. ಸ್ಥಿರ ತಳಿಗಳ ಮಾತು ಬೇರೆ. ಟೊಮೆಟೊ ಹೂವು ಬಹುಮಟ್ಟಿಗೆ ತನ್ನದೇ ಪರಾಗದಿಂದ ಕಾಯಿ ಕಟ್ಟುವುದರಿಂದ ತಳಿ ಸುಲಭವಾಗಿ ಕೆಡದು. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ‘ಅರ್ಕಾ ವಿಕಾಸ್’, ‘ಅರ್ಕಾ ಸೌರಭ್’ ಇಂಥ ತಳಿಗಳು. ಅದೇ ಸಂಸ್ಥೆಯ ‘ಅರ್ಕಾ ರಕ್ಷಕ್’ ಮೂರು ರೋಗಗಳನ್ನು ತಡೆಯುವ ಗುಣವಂತ. ಆದರೆ ಹೈಬ್ರಿಡ್ ಆದ್ದರಿಂದ ಬೀಜಕ್ಕೆ ಒದಗುವುದಿಲ್ಲ.

ಬೀಜ ಮಾಡುವ ಕೆಲಸ ಕಷ್ಟದ್ದಲ್ಲ. ರೋಗವಿಲ್ಲದ ಗಿಡದ ಚೆನ್ನಾಗಿ ಮಾಗಿದ ಹಣ್ಣಿನ ತಿರುಳನ್ನು ಎರಡು-ಮೂರು ದಿನ ಹುಳಿಯಲು ಬಿಟ್ಟರೆ ಬೀಜದ ಸುತ್ತಲಿನ ಲೋಳೆ ಕರಗುತ್ತದೆ. ತೊಳೆದಾಗ ತೇಲುವ ಜೊಳ್ಳನ್ನು ಚೆಲ್ಲಿ, ಮುಳುಗಿದ್ದನ್ನು ನೆರಳಲ್ಲಿ ಒಣಗಿಸಿಟ್ಟರೆ ಮೂರು-ನಾಲ್ಕು ವರ್ಷ ಬಾಳುತ್ತದೆ. ಬಿತ್ತಿದ ಮೂರು-ನಾಲ್ಕು ವಾರಕ್ಕೆ ಸಸಿ ನಾಟಿಗೆ ಸಿದ್ಧ.

ಇದರ ನಿಜವಾದ ಲಾಭ ಬೀಜ ಊರಿಗೆ ಹೊಂದಿಕೊಳ್ಳುವುದರಲ್ಲಿದೆ. ಹಾಸನ ಜಿಲ್ಲೆಯನ್ನೇ ನೋಡಿ. ಅರಸೀಕೆರೆ ತೆಂಗಿನ ಸೀಮೆ, ಮಳೆ ಕಡಿಮೆ. ಒಣಹವೆಯಲ್ಲಿ ಬಿಳಿನೊಣ ಹರಡುವ ಎಲೆಮುದುಡು ರೋಗದ ಕಾಟ. ಹಳೇಬೀಡನ್ನು ದಾಟಿ ಬೇಲೂರಿಗೆ ಬಂದರೆ ಮಲೆನಾಡಿನ ಸೆರಗು, ಕಾಫಿ ತೋಟ. ಅಲ್ಲಿ ಜಿಟಿಜಿಟಿ ಮಳೆಗೆ ಎಲೆಚುಕ್ಕೆ, ಹಣ್ಣುಕೊಳೆ. ಒಂದೇ ಜಿಲ್ಲೆಯ ಈ ಎರಡು ನೆಲಗಳಿಗೆ ಒಂದೇ ಪೊಟ್ಟಣದ ಬೀಜ ಸಮನಾಗಿ ಒಗ್ಗಬೇಕೆಂದು ಬಯಸುವುದು ಹೇಗೆ? ಪ್ರತಿ ವರ್ಷವೂ ತಾಳಿಕೊಂಡ ಗಿಡದಿಂದಲೇ ಬೀಜ ಆರಿಸುತ್ತ ಹೋಗುವ ಮನೆಗಳು ಸದ್ದಿಲ್ಲದೆ ತಳಿ ಸಂರಕ್ಷಣೆಯನ್ನೇ ಮಾಡುತ್ತಿರುತ್ತವೆ.

2001ರ ಸಸ್ಯ ತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆಯ 39ನೇ ವಿಧಿ ಬೀಜವನ್ನು ಉಳಿಸುವ, ಬಿತ್ತುವ, ವಿನಿಮಯ ಮಾಡುವ, ಬ್ರಾಂಡ್ ಹೆಸರಿಲ್ಲದೆ ಮಾರುವ ಹಕ್ಕನ್ನು ರೈತನಿಗೆ ನೀಡಿದೆ. ಆದರೆ ಬಳಸದ ಹಕ್ಕು ಕಾಗದದಲ್ಲೇ ಉಳಿಯುತ್ತದೆ. ಬೀಜ ಉಳಿಸುವ ಬಗೆಯೇ ಮರೆತವರಿಗೆ ಬೀಜದ ಹಕ್ಕಿನಿಂದ ಏನು ಪ್ರಯೋಜನ?

ಸರ್ಕಾರಕ್ಕೆ ಇದರಲ್ಲಿ ದೊಡ್ಡ ವೆಚ್ಚವಿಲ್ಲ. ಒಂದು ಗ್ರಾಂನಲ್ಲಿ ಸುಮಾರು ಮುನ್ನೂರು ಟೊಮೆಟೊ ಬೀಜಗಳಿರುತ್ತವೆ. ಒಂದು ಮನೆಗೆ ಅದರ ಹತ್ತನೇ ಒಂದು ಪಾಲು ಧಾರಾಳವಾಯಿತು. ತೋಟಗಾರಿಕೆ ಇಲಾಖೆ ಸ್ಥಿರ ತಳಿಗಳ ಬೀಜವನ್ನು ಇಂಥ ಸಣ್ಣ ಪೊಟ್ಟಣಗಳಲ್ಲಿ ತಾಲ್ಲೂಕು ಕಚೇರಿಗಳ ಮೂಲಕ ಹಂಚಲಿ. ಪೊಟ್ಟಣದ ಮೇಲೆ ‘ಹೈಬ್ರಿಡ್’ ಅಥವಾ ‘ಬೀಜಕ್ಕೆ ಉಳಿಸಬಹುದಾದ ತಳಿ’ ಎಂದು ಕನ್ನಡದಲ್ಲಿ ಸ್ಪಷ್ಟವಾಗಿ ಮುದ್ರಿಸುವುದನ್ನು ಎಲ್ಲ ಮಾರಾಟಗಾರರಿಗೂ ಕಡ್ಡಾಯಗೊಳಿಸಲಿ. ಶಾಲಾ ಕೈತೋಟಗಳಲ್ಲಿ ಮಕ್ಕಳು ಹಣ್ಣು ಕೊಯ್ಯುವುದರ ಜೊತೆಗೆ ಬೀಜ ತೆಗೆದಿಡುವುದನ್ನೂ ಕಲಿಯಲಿ.

ಟೊಮೆಟೊ ದಕ್ಷಿಣ ಅಮೆರಿಕದಿಂದ ಬಂದ ಹಣ್ಣು. ಹೊಯ್ಸಳರ ಅಡುಗೆಮನೆಯಲ್ಲಿ ಅದು ಇರಲಿಲ್ಲ. ಇಂದು ಅದಿಲ್ಲದೆ ನಮ್ಮ ತಿಳಿಸಾರು ಇಲ್ಲ. ಪರದೇಶದ ಹಣ್ಣನ್ನು ನಮ್ಮದಾಗಿಸಿದ್ದು ಅದರ ಬೀಜವನ್ನು ಒಂದು ಕೈಯಿಂದ ಇನ್ನೊಂದು ಕೈಗೆ ದಾಟಿಸಿದ ಜನ. ಆ ಸರಪಳಿ ಕಡಿಯದಂತೆ ನೋಡಿಕೊಳ್ಳಲು ಹಿತ್ತಿಲಿನ ಎರಡು ಗಿಡ ಸಾಕು.